ಡೌಟಪ್ಪನವರ ಗುಂಗುರು ಕೂದಲು

ಹೋಟೆಲುಗಳ ಚಾದರ, ದಿಂಬಿನ ಚೀಲ, ಟವೆಲುಗಳನ್ನು ಒಗೆದು ಇಸ್ತ್ರಿ ಮಾಡಿ ಕೊಡುವ ಒಂದು ದೊಡ್ಡ ಲಾಂಡ್ರಿಯ ಮ್ಯಾನೇಜರರಿಗೆ ಅಲ್ಲಿನ ಕೆಲಸಗಾರರು ಬೆನ್ನ ಹಿಂದೆ ಇಟ್ಟಿದ್ದ ಹೆಸರು ಡೌಟಪ್ಪ. ಇಟ್ಟವರನ್ನು ದೂರುವಂತಿಲ್ಲ. ಎದುರು ಬಂದವರು ನಮಸ್ಕಾರ ಹೇಳಿದರೆ ಯಾಕೆ ಹೇಳಿದರು ಎಂದು ಅವರಿಗೆ ಅನುಮಾನ, ಹೇಳದೆ ಹೋದರೆ ಯಾಕೆ ಹೇಳಲಿಲ್ಲ ಎಂದು ಇನ್ನೊಂದು ಅನುಮಾನ. ಮನೆಯಲ್ಲಿ ಟೀ ಚೆನ್ನಾಗಿದ್ದರೆ ಹೆಂಡತಿ ಏನೋ ಕೇಳುವವಳಿದ್ದಾಳೆ ಎಂದು ಅರ್ಥ, ಚೆನ್ನಾಗಿಲ್ಲದಿದ್ದರೆ ಏನೋ ಮುಚ್ಚಿಡುತ್ತಿದ್ದಾಳೆ ಎಂದು ಅರ್ಥ. ಇಂಥ ಮನುಷ್ಯ ಕಣ್ಣು ಮುಚ್ಚಿ ನಂಬುತ್ತಿದ್ದುದು ಅಚ್ಚಾದ ಅಕ್ಷರವನ್ನು ಮಾತ್ರ. ಡಬ್ಬಿಯ ಮೇಲೆ ಹೀಗೆಂದು ಬರೆದಿದೆ ಎಂದರೆ ಮುಗಿಯಿತು. ಆಮೇಲೆ ಡಬ್ಬಿಯೇ ಬಾಯಿಬಿಟ್ಟು ಬೇರೆ ಹೇಳಿದರೂ ಅವರು ಒಪ್ಪುವವರಲ್ಲ.

ಈ ಲಾಂಡ್ರಿಗೆ ಬರುವ ಮೊದಲು ಅವರು ಒಂದು ಸಣ್ಣ ಡ್ರೈಕ್ಲೀನಿಂಗ್ ಅಂಗಡಿಯ ಕೌಂಟರಿನಲ್ಲಿದ್ದರು. ಆಗ ಅವರ ಕೂದಲು ನೆಟ್ಟಗೆ, ತೆಳ್ಳಗೆ, ಯಾರೋ ಮೇಲಿಂದ ಒಂದು ಚೊಂಬು ನೀರು ಸುರಿದು ಹೋದಂತೆ ತಲೆಗೆ ಅಂಟಿಕೊಂಡಿರುತ್ತಿತ್ತು. ಗಿರಾಕಿಗಳು ಬಟ್ಟೆಯನ್ನು ಅವರ ಕೈಗೆ ಕೊಟ್ಟು, ಮಾತನ್ನು ಅವರ ಹಿಂದೆ ನೇತಾಡುತ್ತಿದ್ದ ಕೋಟುಗಳ ಜೊತೆ ಆಡುತ್ತಿದ್ದರು. ಹೀಗಿರುವಾಗ ದೊಡ್ಡ ಲಾಂಡ್ರಿಯಲ್ಲಿ ಮ್ಯಾನೇಜರ್ ಕೆಲಸ ಖಾಲಿಯಿದೆ ಎಂದು ತಿಳಿಯಿತು. ಸಂದರ್ಶನದ ದಿನ ಬೆಳಿಗ್ಗೆ, ಅವರ ಮನೆಯಲ್ಲೇ ಇದ್ದುಕೊಂಡು ಸಲೂನಿನಲ್ಲಿ ಕೆಲಸ ಮಾಡುತ್ತಿದ್ದ ಭಾವಮೈದ ಅವರನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ, ಕೈಯಲ್ಲಿ ಕೂದಲನ್ನು ಸುರುಳಿ ಸುತ್ತುವ ಕಾದ ಕಡ್ಡಿ ಹಿಡಿದ.

"ಭಾವ, ಅಲ್ಲಾಡಬೇಡಿ. ಕಿವಿಗೆ ತಾಗಿದ್ರೆ ಬೊಬ್ಬೆ ಬರತ್ತೆ."

"ಇದು ಎಷ್ಟು ಹೊತ್ತು ನಿಲ್ಲತ್ತೆ?"

"ತೇವ ತಾಗದಿದ್ರೆ ಸಂಜೆವರೆಗೂ ನಿಲ್ಲತ್ತೆ. ಕೂದಲನ್ನ ಬಿಸಿ ಮಾಡಿ ಸುತ್ತಿ, ಸುತ್ತಿದ ಹಾಗೇ ಆರೋಕೆ ಬಿಟ್ರೆ ಆ ಆಕಾರ ಹಿಡ್ಕೊಳ್ಳತ್ತೆ. ಮೇಲೆ ಹೊಡೆಯೋ ಸ್ಪ್ರೇ ನಿಮ್ಮ ಬಟ್ಟೆಗೆ ಹಾಕೋ ಗಂಜಿ ಇದ್ದ ಹಾಗೆ, ತೆಳ್ಳಗೆ ಒಂದು ಪೊರೆ ಕಟ್ಟತ್ತೆ. ಆದ್ರೆ ಹಬೆ ಹೊಡೀತು ಅಂದ್ರೆ ಕೂದಲು ನೀರು ಕುಡಿಯತ್ತೆ. ಕುಡಿದ ಮೇಲೆ ಹುಟ್ಟಿದಾಗ ಹೇಗಿತ್ತೋ ಹಾಗೆ. ಸ್ಪ್ರೇ ಜಾಸ್ತಿ ಹೊಡೆದ್ರೂ ಉಪಯೋಗ ಇಲ್ಲ, ಭಾರಕ್ಕೆ ಜೋತು ಬೀಳತ್ತೆ."

ಡೌಟಪ್ಪನವರು ಇದನ್ನು ಕೇಳಿಸಿಕೊಳ್ಳಲಿಲ್ಲ. ಅವರು ಸ್ಪ್ರೇ ಡಬ್ಬಿಯನ್ನು ಕಣ್ಣಿನ ಹತ್ತಿರ ಹಿಡಿದು ಓದುತ್ತಿದ್ದರು. 'ಇಡೀ ದಿನ ಅಲುಗದ ಸುರುಳಿ, ಯಾವ ಹವೆಗೂ ಜಗ್ಗದು' ಎಂದು ಅದರ ಮೇಲೆ ಬಂಗಾರದ ಬಣ್ಣದಲ್ಲಿ ಅಚ್ಚಾಗಿತ್ತು. ಭಾವಮೈದ ಹೀಗೆ ಹೆದರಿಸುವುದು ಇನ್ನೊಂದು ಡಬ್ಬಿ ಕೊಳ್ಳಿಸುವುದಕ್ಕೇ ಇರಬೇಕು ಎಂದು ಅವರಿಗೆ ಅನಿಸಿತು.

ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, "ಚೆನ್ನಾಗಿಲ್ಲ. ನಾನು ಮದುವೆಯಾದ ತಲೆ ಇದಲ್ಲ" ಎಂದಳು.

ಆದರೆ ಲಾಂಡ್ರಿಯ ಯಜಮಾನರು ಆ ತಲೆಯನ್ನು ಬಹಳ ಹೊತ್ತು ನೋಡಿ, "ನಿಮ್ಮಲ್ಲಿ ಒಂದು ಕಳೆ ಇದೆ" ಎಂದರು. ಕೆಲಸ ಸಿಕ್ಕಿತು. ಮಾರನೆಯ ದಿನದಿಂದ ದಿನವೂ ಬೆಳಿಗ್ಗೆ ಸ್ಟೂಲು, ಕಡ್ಡಿ, ಸ್ಪ್ರೇ ಶುರುವಾಯಿತು.

ಲಾಂಡ್ರಿಯ ಮುಂಭಾಗದಲ್ಲಿ ಮ್ಯಾನೇಜರರ ಗಾಜಿನ ಕೋಣೆ. ಅಲ್ಲಿ ಏಸಿ ಹಾಕಿ ಗಾಳಿಯನ್ನು ಹಪ್ಪಳದಂತೆ ಒಣಗಿಸಿಟ್ಟಿದ್ದರು. ಅದರೊಳಗೆ ಡೌಟಪ್ಪನವರ ಗುಂಗುರು ಸಂಜೆಯವರೆಗೂ ಕಲ್ಲಿನಲ್ಲಿ ಕೆತ್ತಿದಂತೆ ನಿಲ್ಲುತ್ತಿತ್ತು. ಕೆಲಸ ಮುಗಿಯುವ ಹೊತ್ತಿಗೆ ಅವರು ಹಿಂದಿನ ಇಸ್ತ್ರಿ ಹಾಲಿಗೆ ತಪಾಸಣೆಗೆ ಹೋಗುತ್ತಿದ್ದರು. ಅಲ್ಲಿ ದೊಡ್ಡ ಇಸ್ತ್ರಿ ಯಂತ್ರಗಳು ಬುಸ್ಸೆಂದು ಹಬೆ ಬಿಡುತ್ತಿದ್ದವು, ಎದುರಿಗೆ ನಿಂತವರ ಮುಖ ಮಸುಕಾಗಿ ಕಾಣುತ್ತಿತ್ತು. ಡೌಟಪ್ಪನವರು ಯಾರು ಏನು ಕದಿಯುತ್ತಿದ್ದಾರೆ ಎಂದು ನೋಡುತ್ತ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುವಷ್ಟರಲ್ಲಿ ಸುರುಳಿಗಳು ಒಂದೊಂದಾಗಿ ಬಿಚ್ಚಿಕೊಂಡು, ಉದ್ದವಾಗಿ, ಕೊನೆಗೆ ಹಣೆಗೆ ಬಂದು ಅಂಟುತ್ತಿದ್ದವು. ಮುಖದ ಮೇಲೆ ಇಳಿದ ಅಂಟು ನೀರನ್ನು ಬೆವರೆಂದುಕೊಂಡು, ಕೈಗೆ ಸಿಕ್ಕಿದ ತಳ್ಳುಗಾಡಿಯಿಂದ ಒಂದು ಟವೆಲು ಎಳೆದು ಒರೆಸಿ, ಅದನ್ನು ಹೆಗಲ ಮೇಲೆ ಹಾಕಿಕೊಂಡು, ಬಸ್ಸಿಗೆ ಹತ್ತಿರವೆಂದು ಹಿಂದಿನ ಗೇಟಿನಿಂದ ಮನೆಗೆ ಹೋಗುತ್ತಿದ್ದರು. ನಾಳೆ ತಂದು ಹಾಕಿದರಾಯಿತು ಎಂದು ಅವರ ಲೆಕ್ಕ. ನಾಳೆ ಬರುವಷ್ಟರಲ್ಲಿ ಅವರಿಗೆ ಬೇರೆ ಅನುಮಾನಗಳು ಇರುತ್ತಿದ್ದವು.

ಮನೆಯಲ್ಲಿ ಊಟ ಮಾಡಿ ನೇರ ಮಲಗುವ ಅಭ್ಯಾಸ. ಬೆಳಿಗ್ಗೆ ಕನ್ನಡಿಯಲ್ಲಿ ತಲೆ ಚಪ್ಪಟೆಯಾಗಿ ಕಂಡರೆ ದಿಂಬಿನ ಮೇಲೆ ಅನುಮಾನ. ಒಂದು ದಿಂಬು ಬದಲಾಯಿಸಿದರು, ಹತ್ತಿ ಮಾರಿದವನನ್ನು ಬೈದು ಬಂದರು. ಭಾವಮೈದ ಸಲೂನಿನಿಂದ ಬರುವಷ್ಟರಲ್ಲಿ ಅವರಿಗೆ ಗೊರಕೆ ಬಂದಿರುತ್ತಿತ್ತು. ಹೆಂಡತಿ ದಿನಾ ಸಂಜೆ ನೆಟ್ಟನೆಯ ಕೂದಲನ್ನು ನೋಡುತ್ತಿದ್ದಳು, ಆದರೆ ಏನೂ ಹೇಳುತ್ತಿರಲಿಲ್ಲ. ತನಗೆ ಹಿಡಿಸುವುದಿಲ್ಲವೆಂದು ಗಂಡ ದಾರಿಯಲ್ಲೇ ಬಾಚಿಕೊಂಡು ಬರುತ್ತಾರೆ ಎಂದು ತಿಳಿದು ಅವಳು ಒಳಗೊಳಗೇ ಖುಷಿಪಟ್ಟಿದ್ದಳು.

ಒಂದು ದಿನ ಯಜಮಾನರು ಡೌಟಪ್ಪನವರನ್ನು ತಮ್ಮ ಕೋಣೆಗೆ ಕರೆದರು. ಅಲ್ಲಿ ಹಿಂದಿನ ಗೇಟಿಗೆ ಹೊಸದಾಗಿ ಬಂದಿದ್ದ ವಾಚ್‌ಮನ್ನು, ಇಸ್ತ್ರಿ ಹಾಲಿನ ಮೇಸ್ತ್ರಿ ಇಬ್ಬರೂ ನಿಂತಿದ್ದರು. ಮೇಸ್ತ್ರಿ ಮಾತು ಕಡಿಮೆಯ ದಪ್ಪ ಮನುಷ್ಯ.

"ಹೋಟೆಲಿನವರು ಫೋನ್ ಮಾಡಿದ್ರು," ಎಂದರು ಯಜಮಾನರು. "ಹಸಿರು ಅಂಚಿನ ಟವೆಲು ಕಡಿಮೆ ಬರ್ತಾ ಇದೆಯಂತೆ. ಈ ವಾಚ್‌ಮನ್ ಏನೋ ಹೇಳ್ತಾನೆ, ಕೇಳಿ."

ವಾಚ್‌ಮನ್ನು ಗಂಟಲು ಸರಿಮಾಡಿಕೊಂಡ. "ಸಾರ್, ದಿನಾ ಸಂಜೆ ಹಿಂದಿನ ಗೇಟಿಂದ ಒಬ್ಬ ಹೋಗ್ತಾನೆ. ಹೋಗೋದು ಕಂಡಿದೀನಿ, ಬರೋದು ಒಂದು ದಿನಾನೂ ಕಂಡಿಲ್ಲ. ಹೆಗಲ ಮೇಲೆ ಟವೆಲು ಇರತ್ತೆ."

ಡೌಟಪ್ಪನವರ ಕಣ್ಣು ಹೊಳೆಯಿತು. ಜೀವಮಾನವಿಡೀ ಪಟ್ಟ ಅನುಮಾನಕ್ಕೆ ಕೊನೆಗೂ ಒಬ್ಬ ಕಳ್ಳ ಸಿಕ್ಕಿದ್ದ.

"ಎತ್ತರ?"

"ನಿಮ್ಮಷ್ಟೇ ಸಾರ್."

"ಮೈಕಟ್ಟು?"

"ನಿಮ್ಮ ಥರಾನೇ."

"ಶರ್ಟು?"

"ನೀವು ಹಾಕಿರೋ ಥರದ್ದೇ, ಗೆರೆ ಗೆರೆ."

"ಮುಖ?"

ವಾಚ್‌ಮನ್ನು ಯೋಚಿಸಿದ. "ಮುಖ ಸ್ವಲ್ಪ ಕಳ್ಳನ ಥರ ಇದೆ ಸಾರ್. ಕೂದಲು ಮಾತ್ರ ನಿಮ್ಮ ಹಾಗಲ್ಲ. ಎಣ್ಣೆ ಡಬ್ಬಿಗೆ ಬಿದ್ದು ಎದ್ದು ಬಂದ ಇಲಿ ಥರ, ಚಪ್ಪಟೆ."

"ಮತ್ತೆ ನೀನು ಯಾಕೆ ಹಿಡೀಲಿಲ್ಲ?"

"ಹಿಡಿಯೋಣ ಅಂತ ಹೋದ್ರೆ ಅವನೇ ನನ್ನನ್ನ ಬೈತಾನೆ. ಮೇಲಿನ ಗುಂಡಿ ಹಾಕ್ಕೋ ಅಂತಾನೆ, ಕೂತ್ಕೊಂಡು ತೂಕಡಿಸ್ತೀಯ ಅಂತಾನೆ. ಅಷ್ಟು ಜೋರಾಗಿ ಬೈಯೋವ್ನು ಯಾರೋ ದೊಡ್ಡ ಅಧಿಕಾರಿ ಇರ್ಬೇಕು ಅಂದ್ಕೊಂಡೆ."

"ಎಂಥ ಧೈರ್ಯ ನೋಡಿ ಸಾರ್," ಎಂದು ಡೌಟಪ್ಪನವರು ಯಜಮಾನರ ಕಡೆ ತಿರುಗಿದರು. "ಇವನು ಗೇಟಿಂದ ಒಳಗೆ ಬರ್ತಾ ಇಲ್ಲ ಅಂದ್ರೆ ಒಳಗಿನವರೇ ಯಾರೋ ಬಚ್ಚಿಟ್ಟುಕೊಂಡಿದ್ದಾರೆ. ಹಿಂದಿನ ಗೇಟಿಗೆ ಇಸ್ತ್ರಿ ಹಾಲಿನಿಂದಲೇ ದಾರಿ. ಮೇಸ್ತ್ರಿ, ಈ ಮನುಷ್ಯ ಯಾರು ಅಂತ ನಿಮಗೆ ಗೊತ್ತಿರಲೇಬೇಕು."

"ಗೊತ್ತು," ಎಂದ ಮೇಸ್ತ್ರಿ.

"ಯಾರು?"

"ನೀವೇ ಸಾರ್."

ಯಜಮಾನರು ಡೌಟಪ್ಪನವರ ಗುಂಗುರನ್ನೂ ಮೇಸ್ತ್ರಿಯ ಮುಖವನ್ನೂ ನೋಡಿದರು.

"ಮೇಸ್ತ್ರಿ, ಮ್ಯಾನೇಜರ್ ಮೇಲೆ ಹೊರಿಸ್ತಾ ಇದೀಯಾ?"

"ಹೊರಿಸ್ತಾ ಇಲ್ಲ ಯಜಮಾನ್ರೆ. ಕಂಡಿದ್ದು ಹೇಳ್ದೆ. ಒಳಗೆ ಬರುವಾಗ ಗುಂಗುರು, ಹೊರಗೆ ಹೋಗುವಾಗ ನೆಟ್ಟಗೆ."

"ನನ್ನ ಕೂದಲು ಇಡೀ ದಿನ ಅಲುಗಲ್ಲ," ಎಂದರು ಡೌಟಪ್ಪನವರು ಶಾಂತವಾಗಿ. "ಬರೆದಿದೆ."

ಎಲ್ಲಿ ಬರೆದಿದೆ ಎಂದು ಯಾರೂ ಕೇಳಲಿಲ್ಲ. ತಲೆಬರಹದ ವಿಷಯ ಇರಬೇಕೆಂದು ವಾಚ್‌ಮನ್ನು ಅಂದುಕೊಂಡ. ಯಜಮಾನರು ಮೇಸ್ತ್ರಿಗೆ, ಕಳ್ಳ ಸಿಗುವವರೆಗೂ ಕೆಲಸಕ್ಕೆ ಬರುವುದು ಬೇಡ ಎಂದರು. ಮೇಸ್ತ್ರಿ ಸೊಂಟಕ್ಕೆ ಕಟ್ಟಿದ್ದ ಬಟ್ಟೆ ಬಿಚ್ಚಿ ಮಡಿಸಿ ಮೇಜಿನ ಮೇಲಿಟ್ಟು ಹೊರಟುಹೋದ. ಡೌಟಪ್ಪನವರೇ ಫೋನಿನಲ್ಲಿ ಠಾಣೆಗೆ ದೂರು ಕೊಟ್ಟರು. ನಾಳೆ ಸಂಜೆ ಪೊಲೀಸ್ ಪೇದೆಯನ್ನು ಗೇಟಿನ ಹತ್ತಿರ ನಿಲ್ಲಿಸುವುದು, ಡೌಟಪ್ಪನವರು ಇಸ್ತ್ರಿ ಹಾಲಿನೊಳಗೆ ಅಡಗಿ ಕೂತು ಕಳ್ಳನನ್ನು ಹೊರಗೆ ಅಟ್ಟುವುದು ಎಂದು ತೀರ್ಮಾನವಾಯಿತು.

ಆ ಸಂಜೆ ಎಂದಿನಂತೆ ಇಸ್ತ್ರಿ ಹಾಲಿನ ತಪಾಸಣೆ ಮುಗಿಸಿ ಹತ್ತಿದ ಬಸ್ಸಿನಲ್ಲಿ ಡೌಟಪ್ಪನವರ ತಲೆ, ಒಳಗೂ ಹೊರಗೂ, ಬಿಸಿಯಾಗಿತ್ತು. ಕಳ್ಳ ತನ್ನಷ್ಟೇ ಎತ್ತರ, ತನ್ನದೇ ಥರದ ಶರ್ಟು. ಅಂದರೆ ಯಾರೋ ತನ್ನ ವೇಷ ಹಾಕುತ್ತಿದ್ದಾನೆ. ತನ್ನ ಶರ್ಟು ಯಾರ ಕೈಗೆ ಸಿಗುತ್ತದೆ? ಮನೆಯಲ್ಲಿ ಇರುವವನಿಗೆ.

ಮನೆಯ ಮುಂದೆ ಪಕ್ಕದ ಮನೆಯ ನಿವೃತ್ತ ಮೇಷ್ಟರು ಅವರನ್ನು ಕೈಸನ್ನೆ ಮಾಡಿ ಕರೆದರು. "ಹೇಳಬಾರದು ಅಂದ್ಕೊಂಡಿದ್ದೆ," ಎಂದರು ಮೆಲ್ಲಗೆ. "ಬೆಳಿಗ್ಗೆ ಹೊತ್ತು ನಿಮ್ಮ ಮನೆಯಿಂದ ಒಬ್ಬ ಗುಂಗುರು ಕೂದಲಿನವನು ಹೊರಗೆ ಹೋಗ್ತಾನೆ. ಯಾರು ಏನು ಅಂತ ನಾನು ಕೇಳಲ್ಲ. ನಿಮಗೆ ತಿಳಿದಿರಲಿ ಅಂತ."

ಡೌಟಪ್ಪನವರಿಗೆ ನಗು ಬಂತು. "ಅಯ್ಯೋ ಮೇಷ್ಟ್ರೆ, ಅದು ನಾನೇ. ಕಾಣ್ತಾ ಇಲ್ವಾ?" ಎಂದು ತಲೆಯನ್ನು ಅವರ ಮುಂದೆ ಬಗ್ಗಿಸಿದರು.

ಮೇಷ್ಟರು ಆ ಚಪ್ಪಟೆ ತಲೆಯನ್ನು ಕನ್ನಡಕದ ಮೇಲಿನಿಂದಲೂ ಒಳಗಿನಿಂದಲೂ ನೋಡಿದರು. "ಕಾಣ್ತಾ ಇದೆ," ಎಂದು ಹೇಳಿ, ಒಳಗೆ ಹೋಗಿ, ಎರಡೂ ಚಿಲಕ ಹಾಕಿಕೊಂಡರು. ಮೇಷ್ಟರು ಕೂಡ ಇದರಲ್ಲಿ ಸೇರಿರಬಹುದೇ ಎಂದು ಡೌಟಪ್ಪನವರಿಗೆ ಹೊಸ ಅನುಮಾನ ಹುಟ್ಟಿತು.

ಮರುದಿನ ಬೆಳಿಗ್ಗೆ ಅವರು ಸ್ಟೂಲಿನ ಮೇಲೆ ಕೂತೇ ಭಾವಮೈದನ ವಿಚಾರಣೆ ಶುರುಮಾಡಿದರು. ಆರೋಪಿಯ ಕೈಯಲ್ಲಿ ಕಾದ ಕಡ್ಡಿ, ವಿಚಾರಣೆ ಮಾಡುವವರ ಕಿವಿ ಅದರ ಪಕ್ಕದಲ್ಲೇ. ಇಂಥ ವಿಚಾರಣೆ ಯಾವ ಠಾಣೆಯಲ್ಲೂ ನಡೆದಿರಲಾರದು.

"ದಿನಾ ಸಂಜೆ ಎಲ್ಲಿರ್ತೀಯ?"

"ಸಲೂನಲ್ಲಿ ಭಾವ."

"ನನ್ನ ಗೆರೆ ಶರ್ಟು ಹಾಕ್ಕೊಂಡಿದ್ದೆ ತಾನೆ?"

"ಒಂದು ಸಲ. ಅಕ್ಕ ಕೊಟ್ಲು. ಯಾಕೆ?"

ಡೌಟಪ್ಪನವರು ಕಳ್ಳನ ವರ್ಣನೆ ಹೇಳಿದರು. ಭಾವಮೈದ ಕಡ್ಡಿ ಹಿಡಿದ ಕೈ ನಿಲ್ಲಿಸಿದ. "ಇಸ್ತ್ರಿ ಹಾಲಲ್ಲಿ ಹಬೆ ಇರತ್ತಾ ಭಾವ?"

"ಇರದೆ ಮತ್ತೆ?"

"ಹಾಗಾದ್ರೆ ಅದು ನೀವೇ."

"ನೋಡಿದ್ಯಾ," ಎಂದರು ಡೌಟಪ್ಪನವರು. "ಮೇಸ್ತ್ರಿನೂ ಇದೇ ಮಾತು ಹೇಳಿದ. ಇಬ್ಬರೂ ಒಂದೇ ಮಾತು ಹೇಳ್ತೀರ ಅಂದ್ರೆ ಇಬ್ಬರೂ ಸೇರಿ ಮಾತಾಡ್ಕೊಂಡಿದ್ದೀರ ಅಂತ ಆಯ್ತು."

ಭಾವಮೈದ ಕಡ್ಡಿಯನ್ನು ಕೆಳಗಿಟ್ಟ. ತಲೆಯ ಎಡಭಾಗ ಮಾತ್ರ ಗುಂಗುರಾಗಿತ್ತು. "ಉಳಿದಿದ್ದು ನೀವೇ ಮಾಡ್ಕೊಳ್ಳಿ," ಎಂದು ಚಪ್ಪಲಿ ಮೆಟ್ಟಿಕೊಂಡು ಹೋದ.

ಹೆಂಡತಿ ಒಳಗಿನಿಂದ ಬಂದಳು. "ನನ್ನ ತಮ್ಮನ್ನ ಕಳ್ಳ ಅಂದ್ರಾ?"

"ಕಳ್ಳ ಅನ್ನಲಿಲ್ಲ. ಅನುಮಾನ ಅಂದೆ ಅಷ್ಟೆ."

"ಏನು ಕಳುವಾಗಿರೋದು?"

"ಹೋಟೆಲಿನ ಟವೆಲು. ಹಸಿರು ಅಂಚು."

ಅವಳು ಕೋಣೆಗೆ ಹೋಗಿ ಕಪಾಟು ತೆರೆದಳು. ಸ್ವಲ್ಪ ಹೊತ್ತು ನೋಡುತ್ತ ನಿಂತಳು. ಮತ್ತೆ ಮುಚ್ಚಿದಳು. "ಸಂಜೆ ನಾನೂ ಬರ್ತೀನಿ ನಿಮ್ಮ ಲಾಂಡ್ರಿಗೆ," ಎಂದಳು. ಅವಳ ದನಿ ತಣ್ಣಗಿತ್ತು. ತಮ್ಮನ ಗುಟ್ಟು ಬಯಲಾಗುವ ಭಯ ಎಂದು ಡೌಟಪ್ಪನವರು ಮನಸ್ಸಿನಲ್ಲಿ ಬರೆದುಕೊಂಡರು.

ತಲೆಯ ಬಲಭಾಗವನ್ನು ಅವರೇ ಹೇಗೋ ಸುತ್ತಿಕೊಂಡರು. ಕಿವಿಗೊಂದು ಬೊಬ್ಬೆಯೂ ಬಂತು. ಕಳ್ಳನನ್ನು ಹಿಡಿಯುವ ದಿನವಾದ್ದರಿಂದ ಡಬ್ಬಿ ಖಾಲಿಯಾಗಿ ಉಸ್ಸೆನ್ನುವವರೆಗೂ ಸ್ಪ್ರೇ ಹೊಡೆದುಕೊಂಡರು. ಆ ದಿನ ಬಸ್ಸಿನಲ್ಲಿ ಅವರ ಪಕ್ಕ ಯಾರೂ ಕೂರಲಿಲ್ಲ.

ಸಂಜೆ ಅವರು ಇಸ್ತ್ರಿ ಹಾಲಿನಲ್ಲಿ, ಒದ್ದೆ ಚಾದರ ತುಂಬಿದ ತಳ್ಳುಗಾಡಿಯ ಹಿಂದೆ ಕುಕ್ಕರಗಾಲಿನಲ್ಲಿ ಕೂತರು. ಪಕ್ಕದಲ್ಲೇ ಯಂತ್ರ ಬುಸ್ ಬುಸ್ ಎನ್ನುತ್ತಿತ್ತು. ಇಸ್ತ್ರಿ ಮಾಡುವ ಹೆಂಗಸರು ಅವರತ್ತ ನೋಡುವುದು, ಒಬ್ಬರ ಮುಖ ಒಬ್ಬರು ನೋಡುವುದು, ಮತ್ತೆ ಬಟ್ಟೆಯಲ್ಲಿ ಮುಖ ಮರೆಸುವುದು ನಡೆದಿತ್ತು. ಇವರೂ ಸೇರಿದ್ದಾರೆ ಎಂದುಕೊಂಡರು ಡೌಟಪ್ಪನವರು. ಕಾಲು ಜೋಮು ಹಿಡಿಯಿತು. ಕಳ್ಳ ಬರಲಿಲ್ಲ. ಕಣ್ಣಿಗೆ ಏನೋ ಉರಿಯುವಂಥದ್ದು ಇಳಿಯಿತು. ಡಬ್ಬಿಯಷ್ಟೂ ಸ್ಪ್ರೇ ಹಬೆಗೆ ಕರಗಿ ಪಾಕವಾಗಿ ಹರಿಯುತ್ತಿತ್ತು. ಅವರು ಕಣ್ಣು ಮುಚ್ಚಿಕೊಂಡೇ ಒಂದು ಟವೆಲು ಎಳೆದುಕೊಂಡು, ಮುಖ ಒರೆಸುತ್ತ, ಕಳ್ಳ ಬರಲಿಲ್ಲ ಎಂದು ತಿಳಿಸಲು ಹಿಂದಿನ ಗೇಟಿಗೆ ನಡೆದರು.

"ಇವನೇ ಸಾರ್," ಎಂಬ ವಾಚ್‌ಮನ್ನಿನ ದನಿ ಕೇಳಿಸಿತು. ಮರುಕ್ಷಣ ಪೇದೆಯ ಕೈ ಅವರ ಕುತ್ತಿಗೆಪಟ್ಟಿಯ ಮೇಲಿತ್ತು.

"ಬಿಡ್ರಿ, ನಾನು ಮ್ಯಾನೇಜರು."

"ಸಿಕ್ಕಿಬಿದ್ದ ಮೇಲೆ ಎಲ್ಲರೂ ಮ್ಯಾನೇಜರೇ," ಎಂದ ಪೇದೆ.

ಗಲಾಟೆ ಕೇಳಿ ಯಜಮಾನರು ಬಂದರು. "ಸಾರ್, ನಾನು ಸಾರ್, ಹೇಳಿ ಇವರಿಗೆ," ಎಂದು ಡೌಟಪ್ಪನವರು ಅಂಗಲಾಚಿದರು.

ಯಜಮಾನರು ಒಂದು ಹೆಜ್ಜೆ ಹಿಂದೆ ಸರಿದರು. "ಧ್ವನಿ ಕೂಡ ಕಲ್ತಿದ್ದಾನಲ್ರೀ. ನಮ್ಮ ಮ್ಯಾನೇಜರನ್ನ ಒಳಗೆ ಏನು ಮಾಡಿದ್ದಾನೋ, ಮೊದಲು ಹೋಗಿ ನೋಡಿ."

ಡೌಟಪ್ಪನವರು ಕೊನೆಯ ಅಸ್ತ್ರ ತೆಗೆದರು. ಎದೆ ಸೆಟೆದು, ತಲೆ ಎತ್ತಿ, "ನನ್ನ ಕೂದಲು ನೋಡಿ ಸಾರ್. ಈ ಗುಂಗುರು ಇನ್ಯಾರಿಗಿದೆ?" ಎಂದರು.

ಎಲ್ಲರೂ ನೋಡಿದರು. ಅಂಟಿನಲ್ಲಿ ಅದ್ದಿ ತೆಗೆದ ಕುಂಚದಂತೆ ಕೂದಲು ಹಣೆಯ ಮೇಲೆ ಮಲಗಿತ್ತು, ಅದರ ತುದಿಯಿಂದ ಮೂಗಿನ ಮೇಲೆ ಒಂದೊಂದೇ ಹನಿ ಬೀಳುತ್ತಿತ್ತು. ಪೇದೆಗೆ ಪಾಪ ಎನ್ನಿಸಿತು. "ತಲೆ ಸರಿಯಿಲ್ಲ ಅನ್ಸತ್ತೆ ಸಾರ್," ಎಂದ.

ಅಷ್ಟರಲ್ಲಿ ಡೌಟಪ್ಪನವರ ಹೆಂಡತಿ ತಮ್ಮನ ಜೊತೆ ಗೇಟಿನೊಳಗೆ ಬಂದಳು. ಹಿಂದೆ ಮೇಸ್ತ್ರಿ. ದಾರಿಯಲ್ಲಿ ಅವನ ಮನೆ ಹುಡುಕಿ ಅವಳೇ ಕರೆತಂದಿದ್ದಳು. ಅವಳ ಕಂಕುಳಲ್ಲಿ ಒಂದು ದೊಡ್ಡ ಗಂಟು ಇತ್ತು.

"ಇವರು ಯಾರು ಅಂತ ನಿಮಗೆ ಗೊತ್ತಾ ಅಮ್ಮಾ?" ಎಂದು ಪೇದೆ ಕೇಳಿದ.

"ನಮ್ಮನೆಯವರು. ನಾನು ಮದುವೆಯಾಗಿದ್ದು ಈ ತಲೇನೇ."

ಯಜಮಾನರು ಬಗ್ಗಿ, ಆ ಮುಖವನ್ನು ಮೊದಲ ಸಲ ಕೂದಲು ಬಿಟ್ಟು ನೋಡಿದರು. ಮೂಗು, ಕಣ್ಣು, ಗೆರೆ ಶರ್ಟು ಒಂದೊಂದಾಗಿ ಗುರುತು ಹತ್ತಿತು. "ನೀವೇನಾ?" ಎಂದರು.

"ಹೇಳ್ದೆನಲ್ಲ ಸಾರ್," ಎಂದು ಡೌಟಪ್ಪನವರು ನಿಟ್ಟುಸಿರಿಟ್ಟರು. "ಹಾಗಾದ್ರೆ ಕಳ್ಳ ಇನ್ನೂ ಸಿಕ್ಕಿಲ್ಲ."

ಹೆಂಡತಿ ಗಂಟನ್ನು ಮೇಜಿನಂತಿದ್ದ ಕಟ್ಟೆಯ ಮೇಲಿಟ್ಟು ಬಿಚ್ಚಿದಳು. ಹಸಿರು ಅಂಚಿನ ಟವೆಲುಗಳು, ಒಗೆದು ಅಂದವಾಗಿ ಮಡಿಸಿದವು, ಒಂದರ ಮೇಲೊಂದು. "ಇದು ನನ್ನ ತಮ್ಮ ತಂದಿದ್ದಲ್ಲ, ಈ ಮೇಸ್ತ್ರಿನೂ ಕೊಟ್ಟಿದ್ದಲ್ಲ. ದಿನಾ ಸಂಜೆ ಇವರೇ ಹೆಗಲ ಮೇಲೆ ಹಾಕ್ಕೊಂಡು ಬರ್ತಾರೆ. ಲಾಂಡ್ರಿಯವರು ಕೊಡ್ತಾರೇನೋ ಅಂದ್ಕೊಂಡು ಎತ್ತಿಟ್ಟಿದ್ದೆ."

ಪೇದೆ ಟವೆಲುಗಳನ್ನು ನೋಡಿದ, ಡೌಟಪ್ಪನವರನ್ನು ನೋಡಿದ. "ಮ್ಯಾನೇಜರೂ ಇವರೇ, ಕಳ್ಳನೂ ಇವರೇ ಅಂದ್ರೆ ದೂರು ಕೊಟ್ಟಿದ್ದು ಯಾರು?"

"ಇವರೇ," ಎಂದರು ಯಜಮಾನರು.

ಡೌಟಪ್ಪನವರು ತಮ್ಮ ಹೆಗಲ ಮೇಲಿದ್ದ ಟವೆಲನ್ನು ಕೈಗೆ ತೆಗೆದುಕೊಂಡು ಅದರ ಹಸಿರು ಅಂಚನ್ನು ನೋಡಿದರು. ಆಮೇಲೆ ಪಕ್ಕದ ಕಿಟಕಿಯ ಗಾಜಿಗೆ ಕಣ್ಣು ಹೋಯಿತು. ಅಲ್ಲಿ ಚಪ್ಪಟೆ ತಲೆಯ, ಸ್ವಲ್ಪ ಕಳ್ಳನ ಮುಖದ ಒಬ್ಬ ಮನುಷ್ಯ ಅವರನ್ನು ಅನುಮಾನದಿಂದ ದಿಟ್ಟಿಸುತ್ತಿದ್ದ. ಅವರು ಕೈ ಎತ್ತಿದರು. ಅವನೂ ಎತ್ತಿದ.

"ದಿನಾ ಹೀಗೇ ಆಗ್ತಿತ್ತಾ?" ಎಂದು ಹೆಂಡತಿಯನ್ನು ಕೇಳಿದರು.

"ದಿನಾ. ನನಗೋಸ್ಕರ ಬಾಚ್ಕೊಂಡು ಬರ್ತೀರ ಅಂದ್ಕೊಂಡಿದ್ದೆ," ಎಂದಳು ಅವಳು. ಅವಳ ದನಿಯಲ್ಲಿ ಕೋಪ ಹೋಗಿ ಬೇರೇನೋ ಬಂದಿತ್ತು. ಡೌಟಪ್ಪನವರಿಗೆ ಅದನ್ನು ಕೇಳಿ, ಪೇದೆಯ ಕೈ ಕುತ್ತಿಗೆಯ ಮೇಲಿದ್ದಾಗ ಆಗದಷ್ಟು ನಾಚಿಕೆಯಾಯಿತು.

ಅವರು ಮೊದಲು ಭಾವಮೈದನ ಕೈ ಹಿಡಿದುಕೊಂಡರು. "ಬಲಗಡೆ ನನಗೆ ಸರಿಯಾಗಿ ಬರಲಿಲ್ಲ ಕಣೋ," ಎಂದರು. ಭಾವಮೈದ, "ಕಿವೀಗೆ ಏನಾದ್ರೂ ಹಚ್ಚಿ ಭಾವ," ಎಂದ. ಅವರಿಬ್ಬರ ನಡುವೆ ಅಷ್ಟಕ್ಕೇ ಮುಗಿಯಿತು.

ಮೇಸ್ತ್ರಿಯ ಮುಂದೆ ನಿಂತಾಗ ಮಾತು ಇನ್ನೂ ಕಷ್ಟವಾಯಿತು. "ನೀವು ಇದ್ದಿದ್ದನ್ನ ಇದ್ದ ಹಾಗೆ ಹೇಳಿದ್ರಿ. ನಾನು ನಿಮ್ಮ ಕೆಲಸ ಕಳೆದೆ. ತಪ್ಪಾಯ್ತು ಮೇಸ್ತ್ರಿ. ಯಜಮಾನರೇ, ಇವರನ್ನ ವಾಪಸ್ ತಗೊಳ್ಳಿ. ಬೇಕಾದ್ರೆ ನನ್ನನ್ನ ಕಳಿಸಿ."

ಯಜಮಾನರು ಪೇದೆಗೆ ಟೀ ಕುಡಿಸಿ ಕಳಿಸಿದರು. ಟವೆಲುಗಳು ಸಿಕ್ಕಿದ್ದವು, ಅದೂ ತಾವು ಒಗೆಯುವುದಕ್ಕಿಂತ ಬೆಳ್ಳಗಾಗಿ. ಇಬ್ಬರೂ ನಾಳೆ ಕೆಲಸಕ್ಕೆ ಬನ್ನಿ ಎಂದರು. ಹೋಗುವಾಗ ಡೌಟಪ್ಪನವರಿಗೆ, "ಯಾವುದಾದ್ರೂ ಒಂದೇ ತಲೆ ತಗೊಂಡು ಬನ್ನಿ," ಎಂದು ಸೇರಿಸಿದರು.

ಮರುದಿನ ಡೌಟಪ್ಪನವರು ಹುಟ್ಟುಕೂದಲಿನಲ್ಲೇ ಬಂದರು. ಗಾಜಿನ ಕೋಣೆಗೆ ಬಂದವರಲ್ಲಿ ಒಬ್ಬಿಬ್ಬರು ಮ್ಯಾನೇಜರ್ ಎಲ್ಲಿ ಎಂದು ಅವರನ್ನೇ ಕೇಳಿದರು. ನಾನೇ ಎಂದರು, ಅವರು ಒಪ್ಪಿಕೊಂಡರು. ಅದರಲ್ಲೇನೂ ಕಷ್ಟವಾಗಲಿಲ್ಲ. ಸಂಜೆ ಇಸ್ತ್ರಿ ಹಾಲಿಗೆ ಹೋದಾಗ ಮಾತ್ರ, ಹೆಂಗಸರೆಲ್ಲ ಕೆಲಸ ನಿಲ್ಲಿಸಿ ಅವರ ತಲೆ ನೋಡಿ, ಏನೋ ಕಳೆದುಕೊಂಡವರಂತೆ ಮತ್ತೆ ಬಟ್ಟೆಗೆ ಬಗ್ಗಿದರು.

"ಏನು ವಿಷಯ?" ಎಂದು ಅವರು ಮೇಸ್ತ್ರಿಯನ್ನು ಕೇಳಿದರು. ಅನುಮಾನ ಪೂರ್ತಿ ಬಿಟ್ಟುಹೋಗಿರಲಿಲ್ಲ.

ಮೇಸ್ತ್ರಿ ಹಿಂಜರಿದ. "ಹೇಳಿದ್ರೆ ಬೇಜಾರು ಮಾಡ್ಕೋಬೇಡಿ ಸಾರ್. ಇಡೀ ದಿನ ಇಲ್ಲಿ ಬೇಯ್ತಾ ಇರ್ತೀವಿ. ಸಂಜೆ ನೀವು ಆ ಬಾಗಿಲಲ್ಲಿ ಬಂದು, ಈ ಬಾಗಿಲಿಗೆ ಬರೋದ್ರೊಳಗೆ ಸುರುಳಿ ಒಂದೊಂದೇ ಬಿಚ್ಕೊಳ್ಳೋದು ನೋಡೋಕೆ ಎಲ್ಲರೂ ಕಾಯ್ತಾ ಇದ್ವಿ. ಮೊದಲು ಎಡಗಡೇದು ಬೀಳತ್ತೋ ಬಲಗಡೇದೋ ಅಂತ ಹೆಂಗಸರು ಪಂದ್ಯ ಕಟ್ತಿದ್ರು. ಆಯಾಸ ಎಲ್ಲ ಹೋಗ್ತಿತ್ತು."

ಡೌಟಪ್ಪನವರು ಹೊರಟುಹೋದರು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಬಹಳ ಯೋಚಿಸಿದರು. ಕೌಂಟರ್ ಹಿಂದೆ ನಿಂತ ಅಷ್ಟು ವರ್ಷಗಳಲ್ಲಿ ತಾನು ಬರುವುದನ್ನು ಯಾರಾದರೂ ಕಾದದ್ದು ಅವರಿಗೆ ನೆನಪಾಗಲಿಲ್ಲ. ಮನೆಗೆ ಹೋಗಿ ಹೆಂಡತಿಗೆ ಎಲ್ಲವನ್ನೂ ಹೇಳಿದರು. ಅವಳು, "ಮನೆಗೆ ಬರೋ ಹೊತ್ತಿಗೆ ಹೇಗಿದ್ರೂ ನೆಟ್ಟಗಾಗಿರತ್ತೆ ತಾನೆ, ಹಾಕಿಸ್ಕೊಳ್ಳಿ," ಎಂದಳು.

ಹೀಗಾಗಿ ಡೌಟಪ್ಪನವರು ಗಾಜಿನ ಕೋಣೆಯಲ್ಲಿ ದಿನವಿಡೀ ಒಂದೇ ತಲೆಯಲ್ಲಿ ಕೂರುತ್ತಾರೆ, ಯಜಮಾನರು ಹೇಳಿದ ಮಾತನ್ನು ಮೀರುವುದಿಲ್ಲ. ವಾರದ ಕೊನೆಯ ದಿನ ಮಾತ್ರ ಭಾವಮೈದ ಸಂಜೆ ಕಡ್ಡಿ ಹಿಡಿದುಕೊಂಡು ಲಾಂಡ್ರಿಗೆ ಬರುತ್ತಾನೆ. ಗುಂಗುರಾದ ಮೇಲೆ ಅವರು ಹೋಗಿ ಇಸ್ತ್ರಿ ಹಾಲಿನ ಬಾಗಿಲು ತೆರೆಯುತ್ತಾರೆ. ಮೇಸ್ತ್ರಿ ಯಂತ್ರದ ಹಬೆಯನ್ನು ಪೂರ್ತಿ ಬಿಡುತ್ತಾನೆ. ಅವರು ತಪಾಸಣೆ ಮಾಡುವವರಂತೆ ಕೈ ಹಿಂದೆ ಕಟ್ಟಿಕೊಂಡು, ಎರಡೂ ಕಡೆಯವರಿಗೆ ಕಾಣುವಂತೆ ನಿಧಾನವಾಗಿ ತಿರುಗುತ್ತ ನಡೆಯುತ್ತಾರೆ. ಹಿಂದೆ ಯಾರಾದರೂ ನಗುತ್ತಿದ್ದಾರೆಯೇ ಎಂದು ಅನುಮಾನ ಪಡುವ ಅಗತ್ಯ ಈಗ ಇಲ್ಲ. ಎಲ್ಲರೂ ನಗುತ್ತಿರುತ್ತಾರೆ.